ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿದ ಮೇಲೆ ಟೆಸ್ಟ್ ಫೇಲ್ ಆಗುವುದಕ್ಕೆ

ವಿಂಡೋಸ್ ಅಪ್ಲಿಕೇಶನ್‌ನ ಬಟನ್‌ಗಳನ್ನು ತಾನೇ ಒತ್ತಿ ನೋಡುವ ನಿಮ್ಮ ಟೆಸ್ಟ್, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡ್ತಾ ಕೂತಿದ್ದರೆ ಪಾಸ್, ಕಿಟಕಿ ಮುಚ್ಚಿ ಎದ್ದರೆ ‘ಸೇವ್’ ಬಟನ್ ಕ್ಲಿಕ್ಕಿನಲ್ಲೇ ಫೇಲ್, ಸ್ಲೀಪ್ (ಟೆಸ್ಟ್ ನಡುವೆ ಕಾಯುವ ಸಮಯ) 10 ಸೆಕೆಂಡ್‌ಗೆ ಏರಿಸಿದರೂ ಅಷ್ಟೇ ಅಂದಿರಿ. ಸ್ಲೀಪ್ ತೆಗೆದುಹಾಕಿ, ಇದು ಟೈಮಿಂಗ್ ತೊಂದರೆಯಲ್ಲ. ಸಂಪರ್ಕ ಕಡಿದ ಸೆಷನ್‌ನಲ್ಲಿ (ಅಂದರೆ ನಿಮ್ಮ ಲಾಗಿನ್‌ನಲ್ಲಿ) ಸಕ್ರಿಯ ಡೆಸ್ಕ್‌ಟಾಪ್ ಉಳಿಯುವುದಿಲ್ಲ. ಮೌಸ್, ಕೀಬೋರ್ಡ್ ಇನ್‌ಪುಟ್ ಅಪ್ಲಿಕೇಶನ್ ತಲುಪುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ನೋಡಿ, ಬರೀ ಕಪ್ಪು ಬಂದಿರುತ್ತದೆ.

ಕಿಟಕಿ ಮುಚ್ಚುವ ಬದಲು, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಕ್ವೆರಿ ಸೆಷನ್’ (query session) ಕೊಟ್ಟು ನಿಮ್ಮ ಸೆಷನ್ ನಂಬರ್ ನೋಡಿಕೊಳ್ಳಿ. ಅದು 2 ಆಗಿದ್ದರೆ ‘ಟಿಎಸ್‌ಕಾನ್ 2 /ಡೆಸ್ಟ್:ಕನ್ಸೋಲ್’ (tscon 2 /dest:console) ಓಡಿಸಿ; ಇದು ನಿಮ್ಮ ಸೆಷನ್ನನ್ನು ಆ ಮಷೀನಿನದೇ ಪರದೆಗೆ ಸಾಗಿಸುತ್ತದೆ. ರಿಮೋಟ್ ಸಂಪರ್ಕ ತಾನಾಗಿ ಕಡಿಯುತ್ತದೆ, ಡೆಸ್ಕ್‌ಟಾಪ್ ಮಾತ್ರ ಲಾಕ್ ಆಗದೆ ತೆರೆದೇ ಇರುತ್ತದೆ (ಹಾಗಾಗಿ ಆ ಮಷೀನ್ ಕಂಡಕಂಡವರ ಕೈಗೆ ಸಿಗಬಾರದು). ಆಮೇಲೆ ರೆಸಲ್ಯೂಶನ್ ಬದಲಾಗಬಹುದು; ಎಕ್ಸ್-ವೈ ಲೆಕ್ಕದ ಕ್ಲಿಕ್‌ಗಳು ಅಲ್ಲೇ ಎಡವುತ್ತವೆ. ಬಟನ್ನನ್ನು ಆಟೊಮೇಷನ್ ಐಡಿಯಿಂದ (ಅದನ್ನು ಗುರುತಿಸುವ ಹೆಸರಿನಿಂದ) ಹಿಡಿದು ಇನ್ವೋಕ್ ಪ್ಯಾಟರ್ನ್ (ಕೋಡ್‌ನಿಂದಲೇ ಬಟನ್ ಒತ್ತಿಸುವ ವಿಧಾನ) ಬಳಸಿದರೆ ಮೌಸ್‌ನ ಹಂಗೇ ಇರುವುದಿಲ್ಲ.

ಬಿಲ್ಡ್ ಏಜೆಂಟ್ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಪ್ರೋಗ್ರಾಮ್) ವಿಂಡೋಸ್ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಆಗಿದ್ದರೆ ಟಿಎಸ್‌ಕಾನ್‌ನಿಂದ ಏನೂ ಆಗದು. ಸರ್ವಿಸ್ ಓಡುವುದು ಸರ್ವಿಸ್‌ಗಳಿಗೆಂದೇ ಇರುವ ಸೆಷನ್ 0ರಲ್ಲಿ, ಅಲ್ಲಿಂದ ಬಳಕೆದಾರರ ಡೆಸ್ಕ್‌ಟಾಪ್ ಕಾಣಿಸುವುದಿಲ್ಲ. ಆಟೊ ಲಾಗಾನ್ (ಮಷೀನ್ ಶುರುವಾದಾಗ ತಾನಾಗಿ ಲಾಗಿನ್ ಆಗುವುದು) ಇಟ್ಟು, ಲಾಗಿನ್ ಆದ ಬಳಕೆದಾರರ ಸೆಷನ್‌ನಲ್ಲೇ ಏಜೆಂಟ್ ಶುರುವಾಗುವಂತೆ ಮಾಡಿ. ಸ್ಕ್ರೀನ್‌ಸೇವರ್ ಲಾಕನ್ನೂ ಆಫ್ ಮಾಡಿ.