ಕ್ಯಾಶ್ಯೂ ನಟ್‌ಗೆ ಸ್ಪ್ಯಾನಿಷಿನಲ್ಲಿ ಸರಿಯಾದ ಪದ ಯಾವುದು? ನಿಘಂಟಿನಲ್ಲಿ ನಾಲ್ಕು ಸಿಗುತ್ತಿವೆ

ನಾಲ್ಕು ಸಿಕ್ಕಿದ್ದು ನಿಮ್ಮ ಪುಣ್ಯ. ನಾನು ಒಂದನ್ನೇ ನೋಡಿ ಕೆಟ್ಟೆ.

ಕುಂಬಳೆ ಹತ್ತಿರ ನಮ್ಮ ಮನೆ. ಸ್ಪ್ಯಾನಿಷ್ ಕಲಿತು ಅನುವಾದಕ್ಕೆ ಇಳಿದ ಹೊಸತು. ಗೇರುಬೀಜ ವ್ಯಾಪಾರದವರೊಬ್ಬರು ಅರ್ಜೆಂಟೀನಾಕ್ಕೆ ಮಾಲು ಕಳಿಸಲು ಲೇಬಲ್ ಬರೆಸಿದರು. ಹುಡುಕಿದಾಗ ಮೊದಲು ಕಂಡದ್ದು 'ನುಯೆಸ್ ದೆ ಲಾ ಇಂದಿಯಾ'. ನಮ್ಮೂರಿನ ಬೀಜ, ಹೆಸರಲ್ಲೇ ಇಂಡಿಯಾ, ಇನ್ನೇನು ಬೇಕು ಎಂದು ಉಬ್ಬಿಹೋದೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ 'ಮೆಕ್ಸಿಕೊ' ಎಂದಿತ್ತು. ಓದಲೇ ಇಲ್ಲ.

ಮೆಕ್ಸಿಕೊದಲ್ಲಿ ಅದು ಗೇರುಬೀಜವೇ. ಅರ್ಜೆಂಟೀನಾದಲ್ಲಿ ಮಾತ್ರ ಆ ಹೆಸರಲ್ಲಿ ತೂಕ ಇಳಿಸಲೆಂದು ಮಾರುತ್ತಿದ್ದದ್ದು ಬೇರೆಯೇ ಮರದ ಬೀಜ, ಕ್ಯಾಂಡಲ್‌ನಟ್. ತಿಂದವರಿಗೆ ವಾಂತಿ, ಭೇದಿ. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿದೆ. ಅದೇ ಹೆಸರಿನ ಪೊಟ್ಟಣಗಳಲ್ಲಿ ಹಳದಿ ಕಣಗಿಲೆಯ ವಿಷಬೀಜ ಸಿಕ್ಕಿದ್ದೂ ಉಂಟು. ನಮ್ಮ ಬೇಲಿಯಲ್ಲಿ ಹೂ ಬಿಡುವ, ಮಕ್ಕಳು ಕಾಯಿ ಮುಟ್ಟಿದರೆ ಅಮ್ಮ ಬೈದು ಕೈ ತೊಳೆಸುವ ಅದೇ ಕಣಗಿಲೆ! ಅಂಥ ಹೆಸರನ್ನು ನಾನು ದಪ್ಪಕ್ಷರದಲ್ಲಿ ಹಾಕಿಸಿದ್ದೆ.

ಆ ಕಡೆಯಿಂದ ಬಂದ ಮೇಲ್ ಒಂದೇ ಸಾಲು: ನೀವು ಮಾರುತ್ತಿರುವುದು ಏನು? 2,000 ಸ್ಟಿಕ್ಕರ್ ಮತ್ತೆ ಅಚ್ಚಾಯಿತು, ಖರ್ಚು ನನ್ನ ತಲೆಗೆ. ಬೇಕಿದ್ದದ್ದು 'ಕಸ್ತಾನ್ಯಾ ದೆ ಕಹೂ'.

ಹಾಗಾಗಿ 'ಸರಿಯಾದ ಸ್ಪ್ಯಾನಿಷ್ ಪದ' ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಮಗೆ ಮನೆಯಲ್ಲಿ ಗೇರುಬೀಜ, ಬೆಂಗಳೂರಿನ ನೆಂಟರಿಗೆ ಗೋಡಂಬಿ, ಕಾಞಂಗಾಡಿನ ಅಂಗಡಿಯಲ್ಲಿ ಕಶುವಂಡಿ. ಇದರಲ್ಲಿ ಸರಿ ಯಾವುದು ಎಂದು ಯಾರಾದರೂ ಕೇಳುತ್ತಾರಾ? ಯಾರ ಅಂಗಡಿಯೆದುರು ನಿಂತಿದ್ದೇವೆ ನೋಡಿಕೊಂಡು ಬಾಯಿ ಬಿಡುತ್ತೇವೆ, ಅಷ್ಟೇ.

ಸ್ಪೇನಿಗೆ ಅನಕಾರ್ದೊ, ವೆನೆಜುವೆಲಾಕ್ಕೆ ಮೆರೇ, ಕೊಲಂಬಿಯಾಕ್ಕೂ ಮಧ್ಯ ಅಮೆರಿಕಕ್ಕೂ ಮರಾನ್ಯೋನ್. ಪೆರುವಿನಲ್ಲಿ ಬರೀ ಕಸ್ತಾನ್ಯಾ ಎಂದು ಬರೆದರೆ ಬ್ರೆಜಿಲ್ ನಟ್ ಎಂದುಕೊಳ್ಳುತ್ತಾರೆ. ನಿಘಂಟು ಬದಿಗಿಟ್ಟು ಆ ದೇಶದ ಸೂಪರ್‌ಮಾರ್ಕೆಟಿನ ವೆಬ್‌ಸೈಟ್ ತೆಗೆಯಿರಿ. ಪ್ಯಾಕೆಟಿನ ಚಿತ್ರದಲ್ಲಿ ನಮ್ಮ ಬಾಗಿದ ಬೀಜ ಕಂಡರೆ ಅದರ ಮೇಲಿನ ಹೆಸರು ಬರೆದುಕೊಳ್ಳಿ. ಈಗಲೂ ನಾನು ಮಾಡುವುದು ಅದನ್ನೇ.

ಅಂದಹಾಗೆ, ನಿಮ್ಮ ಮಾಲು ಯಾವ ದೇಶಕ್ಕೆಂದು ನೀವು ಬರೆದೇ ಇಲ್ಲವಲ್ಲ ಮಾರಾಯ್ರೆ?