ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತೇನೆ, ಪ್ರಚಾರಕ್ಕೆ ತಿಂಗಳಿಗೆ 3,000 ರೂಪಾಯಿ ಇಡಬಲ್ಲೆ. ಗುರಿ ಏನೆಂದು ಇಟ್ಟುಕೊಳ್ಳಲಿ?

ನಾನು ಸಾಗರದ ಹತ್ತಿರ ಹಲಸಿನ ಹಪ್ಪಳ ಮಾಡಿ ಮಾರುವವಳು. ಮೊದಲ ವರ್ಷ ನನ್ನ ಗುರಿ ಇನ್‌ಸ್ಟಾಗ್ರಾಂನಲ್ಲಿ 5,000 ಫಾಲೋವರ್‌ಗಳು. ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗುವ ವಿಡಿಯೊವನ್ನು ಜನ ಮೆಚ್ಚಿದ್ದೇ ಮೆಚ್ಚಿದ್ದು. ಕೊಂಡವರು ಹನ್ನೊಂದು ಮಂದಿ. ಅವರಲ್ಲಿ ಇಬ್ಬರಿಗೆ ಕೊರಿಯರ್‌ನಲ್ಲಿ ತಲುಪಿದ್ದು ಹಪ್ಪಳದ ಪುಡಿ. (ನೀವು ಪುಡಿಯನ್ನೇ ಮಾರುವುದರಿಂದ ಆ ಭಯವಿಲ್ಲ.)

ಆಮೇಲೆ 1,500 ರೂಪಾಯಿ ಕೊಟ್ಟು ಜಾಹೀರಾತು ಹಾಕಿದೆ. ಹೊಸದಾಗಿ ಬಂದವರು ಆರು ಜನ, ಅಂದರೆ ತಲೆಗೆ 250 ರೂಪಾಯಿ. 25 ಹಪ್ಪಳದ ಒಂದು ಕಟ್ಟಿನಲ್ಲಿ ನನಗೆ ಉಳಿಯುವುದು 40. ಒಬ್ಬರು ಆರು ಕಟ್ಟು ಕೊಂಡರೂ ಹಾಕಿದ ದುಡ್ಡು ಹುಟ್ಟುವುದಿಲ್ಲ. ಏಳನೆಯದರಲ್ಲಿ 30 ರೂಪಾಯಿ ಕಾಣುತ್ತೇನೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಇದನ್ನು ಬರೆದ ದಿನವೇ ಗುರಿ ಬದಲಾಯಿತು: ಒಮ್ಮೆ ಕೊಂಡವರಲ್ಲಿ ಅರ್ಧದಷ್ಟು ಜನ ದೀಪಾವಳಿಯೊಳಗೆ ಮತ್ತೆ ಕೇಳಬೇಕು.

ನಿಮಗೆ ಇದು ಇನ್ನೂ ಸುಲಭ. ಹಪ್ಪಳ ಮಳೆಗಾಲದ ಚಪಲ, ಚಟ್ನಿಪುಡಿ ದಿನಾ ದೋಸೆಗೆ ಬೇಕು. ಕಾಲು ಕಿಲೋ ಎಷ್ಟು ದಿನ ಬರುತ್ತದೆ ಎಂದು ನಾಲ್ಕಾರು ಗಿರಾಕಿಗಳನ್ನು ಕೇಳಿ. 30 ದಿನ ಎಂದಾದರೆ, ಈ ತಿಂಗಳು ಕೊಂಡ 40 ಮನೆಗಳಲ್ಲಿ 15 ಮನೆಯವರು 45 ದಿನದೊಳಗೆ ಮತ್ತೆ ಕೊಳ್ಳಬೇಕು ಎಂದು ಗುರಿ ಬರೆದುಕೊಳ್ಳಿ. ಡಬ್ಬಿಯ ತಳ ಕಾಣುವ ಹೊತ್ತಿಗೆ, 25ನೆಯ ದಿನ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹೋಗಲಿ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ (ಒಂದೇ ಸಂದೇಶ ಹಲವರಿಗೆ ಬೇರೆಬೇರೆಯಾಗಿ ಹೋಗುವ ವ್ಯವಸ್ಥೆ) ಕಳಿಸಿದರೆ ಅದು ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಪೊಟ್ಟಣ ಕೊಡುವಾಗಲೇ ನಂಬರ್ ಉಳಿಸಿಕೊಳ್ಳಲು ಹೇಳಿ. ಇದು ತಿಳಿಯುವಷ್ಟರಲ್ಲಿ ನನ್ನದೊಂದು ಮಳೆಗಾಲ ಮುಗಿದಿತ್ತು.

3,000ದಲ್ಲಿ ಸದ್ಯಕ್ಕೆ ಜಾಹೀರಾತಿಗೆ ಬಿಡಿಗಾಸೂ ಬೇಡ ಎನ್ನುತ್ತೇನೆ. 50 ಗ್ರಾಂ ಪೊಟ್ಟಣಗಳನ್ನು ಮಾಡಿ, ಹಳೆಯ ಗಿರಾಕಿಗಳ ಕೈಗೆ ಎರಡೆರಡು ಕೊಡಿ: ಒಂದು ಅವರಿಗೆ, ಒಂದು ಪಕ್ಕದ ಮನೆಗೆ. ಹೊಸಬರು ಯಾರೇ ಬಂದರೂ ‘ಯಾರು ಹೇಳಿದರು?’ ಎಂದು ಕೇಳಿ ಬರೆದಿಡಿ. ನನ್ನ ಪುಸ್ತಕದಲ್ಲಿ ಬೆಂಗಳೂರಿನ ನಮ್ಮ ಅತ್ತೆಯೊಬ್ಬರ ಹೆಸರೇ ಒಂಬತ್ತು ಸಲ ಇದೆ.

ದಿನಕ್ಕೆ ಎಷ್ಟು ಕಿಲೋ ಹುರಿದು ಪುಡಿ ಮಾಡಬಲ್ಲಿರಿ ಎಂದು ನೀವು ಬರೆದಿಲ್ಲ. ಗುರಿ ಅದನ್ನು ಮೀರಿದರೆ ಅವಸರದಲ್ಲಿ ಕಡಲೆಬೇಳೆ ಸೀದುಹೋಗುತ್ತದೆ, ತಿನ್ನುವವರಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಆ ಅಂಕಿ ತಿಳಿಸಿದರೆ ಮೇಲಿನ 40 ಮತ್ತು 15ನ್ನು ನಿಮ್ಮ ಅಳತೆಗೆ ತಿದ್ದಿ ಹೇಳುತ್ತೇನೆ.