ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಬೆನೆಡಿಕ್ಟೈನ್ ಮಠಾಧಿಪತಿ ಒಬ್ಬರಿದ್ದರಂತೆ, ನಿಜವಾ? ಯಾರವರು?

ನಿಜ. ಅವರ ಹೆಸರು ನೋಟ್ಕರ್ ವೋಲ್ಫ್, ಬೆನೆಡಿಕ್ಟೈನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದವರು. ಜರ್ಮನಿಯ ಬವೇರಿಯಾದವರು, 1940ರಲ್ಲಿ ಹುಟ್ಟಿದ್ದು, ಅಪ್ಪ ದರ್ಜಿ. 1961ರಲ್ಲಿ ಸೇಂಟ್ ಒಟ್ಟಿಲಿಯನ್ ಮಠಕ್ಕೆ ಸೇರಿದರು, 1977ರಲ್ಲಿ ಅದಕ್ಕೇ ಆಬಟ್, ಅಂದರೆ ಮುಖ್ಯಸ್ಥರಾದರು. ಆಗಿನ್ನೂ 37 ವಯಸ್ಸು!

2000ದಿಂದ 2016ರವರೆಗೆ ರೋಮ್‌ನಲ್ಲಿ ಆಬಟ್ ಪ್ರೈಮೇಟ್ ಆಗಿದ್ದರು, ಅಂದರೆ ಪ್ರಪಂಚದ ಬೆನೆಡಿಕ್ಟೈನ್ ಮಠಗಳಿಗೆಲ್ಲ ಪ್ರತಿನಿಧಿ. ಹೆಸರು ಕೇಳಿ ದೊಡ್ಡ ಅಧಿಕಾರ ಅಂದುಕೊಳ್ಳಬೇಡಿ. ಒಂದೊಂದು ಮಠವೂ ಸ್ವತಂತ್ರ, ತನ್ನ ಆಬಟ್‌ನನ್ನು ತಾನೇ ಆರಿಸಿಕೊಳ್ಳುತ್ತದೆ, ಹಾಗಾಗಿ ಇವರು ಯಾರಿಗೂ ಸುಮ್ನೆ ಆರ್ಡರ್ ಮಾಡುವ ಹಾಗಿರಲಿಲ್ಲ. ರೋಮ್‌ನ ಅವೆಂಟೈನ್ ಗುಡ್ಡದ ಮೇಲಿನ ಸಂತ ಆನ್ಸೆಲ್ಮೊ ಕಾಲೇಜು ನೋಡಿಕೊಳ್ಳುವುದು, ಊರೂರಿನ ಮಠಗಳಿಗೆ ಹೋಗಿ ಮಾತಾಡಿಸುವುದು, ಇದೇ ಜಾಸ್ತಿ. ವಿಮಾನದಲ್ಲೇ ಅರ್ಧ ಬದುಕು ಅಂತಾರಲ್ಲ, ಹಾಗೆ.

ಇನ್ನು ಸಂಗೀತ. ಕೊಳಲು ಮತ್ತು ಎಲೆಕ್ಟ್ರಿಕ್ ಗಿಟಾರ್ ಎರಡೂ ನುಡಿಸುತ್ತಿದ್ದರು. ಮಠದ ಶಾಲೆಯ ಹಳೆಯ ವಿದ್ಯಾರ್ಥಿಗಳ 'ಫೀಡ್‌ಬ್ಯಾಕ್' ಬ್ಯಾಂಡಿನಲ್ಲಿ ಇವರೂ ಒಬ್ಬರು. 2008ರಲ್ಲಂತೂ ಬೆನೆಡಿಕ್ಟ್‌ಬಾಯರ್ನ್ ಊರಿನಲ್ಲಿ ಬ್ರಿಟನ್ನಿನ ಹೆಸರಾಂತ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಜೊತೆಗೇ ವೇದಿಕೆ ಹತ್ತಿದರು. ಬರೀ ಹೆಸರಿಗೆ ಹಿಡಿದ ಗಿಟಾರ್ ಅಲ್ಲ, ಅಲ್ವಾ?

ನನಗೆ ಗಿಟಾರ್‌ಗಿಂತ ಇಷ್ಟವಾಗುವುದು ಅವರ ಓದು. ತತ್ವಶಾಸ್ತ್ರದ ಜೊತೆ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರವನ್ನೂ ಓದಿದ್ದರು. ಪುಸ್ತಕಗಳನ್ನೂ ಬರೆದರು, ಜರ್ಮನಿಯಲ್ಲಿ ಚೆನ್ನಾಗಿಯೇ ಮಾರಾಟವಾದವು. 2024ರ ಏಪ್ರಿಲ್‌ನಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು.